ಸಬ್ಜಾ ತಂದೆ, ಹಂಡ ತಾಯಿ: ಬಣ್ಣ ಹಾರಿದ ಮರಿಗಳ ಪ್ರಕರಣ

ಬಸವನಬಾಗೇವಾಡಿ ತಾಲ್ಲೂಕಿನ ಎರೆ ಸೀಮೆಯ ಒಂದು ಕುಟುಂಬ. ಅಣ್ಣ, ತಮ್ಮ, ಅವರ ಅವ್ವ, ಅಣ್ಣನ ಮಗ. 11 ಎಕರೆ ಒಣಭೂಮಿ, ಕೊಳವೆಬಾವಿ ನೀರು ಹಾಯುವ 2 ಎಕರೆ. ಮೆರವಣಿಗೆಗೆ ಬಾಡಿಗೆ ಕೊಡಲೆಂದು ಇಟ್ಟುಕೊಂಡಿದ್ದ ಹೆಣ್ಣು ಕುದುರೆಗಳು ಮೂರು. ಬಿಳಿ ಮಚ್ಚೆಯ ಕುದುರೆಗೆ ಹಂಡ ಎನ್ನುತ್ತಾರೆ, ಹೆಣ್ಣಾದರೆ ಹಂಡಿ. ಹಿರಿ ಹಂಡಿ ಎಂದು ಕರೆಯುವ 59 ಇಂಚಿನ ಕುದುರೆಯ ಮೈ ಕುಮ್ಮೈತ (ಕಂದು ಮೈ, ಕಪ್ಪು ಬಾಲ), ಮೇಲೆ ಬಿಳಿ ಮಚ್ಚೆ. ಮಹಾರಾಷ್ಟ್ರದ ಅಕಲೂಜ ಸಂತೆಯಿಂದ ತಂದ ಕಿರಿ ಹಂಡಿಯದು ಕಪ್ಪು ಬಿಳುಪು. ಮೂರನೆಯದು ಮಚ್ಚೆಯಿಲ್ಲದ ಕುಮ್ಮೈತ. ಮೂರರಲ್ಲೂ ಮಾರವಾಡಿ ಮತ್ತು ನಾಡ ಕುದುರೆಯ ರಕ್ತ ಬೆರೆತಿದೆ.

ಎರಡು ಹಂಗಾಮು ಎರಡೂ ಹಂಡಿಗಳಿಗೆ ಒಂದೇ ಅರಬ್ಬಿ ಬೀಜದ ಕುದುರೆಯನ್ನು ಹಾರಿಸಿದರು. ಆ ಕುದುರೆ ಸಬ್ಜಾ, ಅಂದರೆ ಬಣ್ಣದಲ್ಲಿ ಹುಟ್ಟಿ ವಯಸ್ಸಾದಂತೆ ಬಿಳಿಯಾಗುವಂಥದು. ಹನ್ನೆರಡರ ವಯಸ್ಸಿಗೆ ಮೈಯೆಲ್ಲ ಹಾಲಿನಂತೆ ಬಿಳಿಯಾಗಿತ್ತು. ನಾಲ್ಕು ಮರಿ ಹುಟ್ಟಿದವು, ಮೂರಕ್ಕೆ ಎದ್ದು ಕಾಣುವ ಮಚ್ಚೆ. ಅರಬ್ಬಿ ಮುಖ, ಎತ್ತಿ ಹಿಡಿದ ಬಾಲ, ಮೇಲೆ ಅಬಲಕ್ (ಮಚ್ಚೆಯ) ಬಣ್ಣ. ಮೂರೂ ಒಂದು ವರ್ಷ ತುಂಬುವ ಹೊತ್ತಿಗೆ ಒಳ್ಳೆಯ ಬೆಲೆಗೆ ಹೋದವು. ನಾಲ್ಕನೇ ವರ್ಷದಲ್ಲಿ ಜಮಖಂಡಿ ಕಡೆಯ ಖರೀದಿದಾರರು ಕುದುರೆಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದರು. ಮಚ್ಚೆ ಇರಲಿಲ್ಲ, ಇಡೀ ಕುದುರೆ ಬೂದು ಬಿಳಿ. ‘ಬಣ್ಣಾ ಬಳದು ಮಾರೀರಿ ನೀವು’ ಎಂಬುದು ಅವರ ದೂರು.

ಬಣ್ಣ ಬಳಿದಿರಲಿಲ್ಲ. ಅವ್ವ ಒಂದು ಕೊಡ ನೀರು ತಂದು ಕುದುರೆಯ ಪಕ್ಕೆಗೆ ಸುರಿದಾಗ ಹಳೆಯ ಮಚ್ಚೆಯ ನಕ್ಷೆ ಪೂರ್ತಿ ಎದ್ದು ಬಂತು. ಹುಟ್ಟಿನಿಂದ ಬಿಳಿಯಿದ್ದ ಕಡೆ ಚರ್ಮ ಗುಲಾಬಿ, ಬಣ್ಣವಿದ್ದ ಕಡೆ ಚರ್ಮ ಕಪ್ಪು. ಕೂದಲು ಒಣಗಿದಾಗ ಎರಡೂ ಕಡೆ ಬಿಳಿಯೇ. ಸಬ್ಜಾ ರಕ್ತದ ಕೆಲಸವೆನ್ನಲು ಇಷ್ಟು ಸಾಕ್ಷಿ ಸಾಕು.

ಎಲ್ಲಿ ತಪ್ಪಿತು

ಕುಟುಂಬದ ಲೆಕ್ಕ ಹೀಗಿತ್ತು: ಬಿಳಿ ಗಂಡಿಗೆ ಹಂಡ ಹೆಣ್ಣು ಕೂಡಿಸಿದರೆ ಮಚ್ಚೆ ಇನ್ನೂ ದೊಡ್ಡದಾಗುತ್ತದೆ. ಉತ್ತರ ಕರ್ನಾಟಕದಲ್ಲೂ ಗಡಿಯಾಚೆಯ ಸಂತೆಗಳಲ್ಲೂ ಈ ಮಾತು ಬಹಳ ಜನರ ಬಾಯಲ್ಲಿದೆ. ಮಾತು ತಪ್ಪು, ಏಕೆಂದರೆ ಇಲ್ಲಿ ಬಿಳಿ ಎನ್ನುವುದು ಎರಡು ಬೇರೆ ಸಂಗತಿ. ಹಂಡದ ಬಿಳಿ ಹೊಟ್ಟೆಯಲ್ಲಿರುವಾಗಲೇ ಬರೆದದ್ದು, ಸಾಯುವ ತನಕ ಅಲ್ಲಾಡುವುದಿಲ್ಲ. ಸಬ್ಜಾದ ಬಿಳಿ ಮನುಷ್ಯನ ನರೆಯಂತೆ ಆಮೇಲೆ ಬರುವುದು. ವರ್ಷ ವರ್ಷವೂ ಬಣ್ಣದ ಕೂದಲು ಉದುರಿದಲ್ಲಿ ಬಿಳಿ ಕೂದಲು ಮೂಡುತ್ತದೆ. ಕಪ್ಪೋ ಕುಮ್ಮೈತವೋ ಕೆಂಪೋ ಅದಕ್ಕೆ ಲೆಕ್ಕವಿಲ್ಲ, ಎಲ್ಲವನ್ನೂ ಮುಚ್ಚುತ್ತದೆ.

ಪ್ರತಿ ಗುಣಕ್ಕೂ ಮರಿಗೆ ಎರಡು ಎಳೆ, ಅಂದರೆ ಜೀನಿನ ಎರಡು ಪ್ರತಿ ಸಿಗುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಸಬ್ಜಾ ಆಗಲು ಒಂದೇ ಎಳೆ ಸಾಕು. ಹಂಡ ಆಗಲೂ ಒಂದೇ ಎಳೆ ಸಾಕು. ಒಂದೆಳೆ ಹಂಡ ತಾಯಿಗೆ ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧಕ್ಕೆ ಮಚ್ಚೆ ಬರುತ್ತದೆ. ಒಂದೆಳೆ ಸಬ್ಜಾ ತಂದೆಗೆ ಹುಟ್ಟುವ ಮರಿಗಳಲ್ಲಿ ಅರ್ಧ ನರೆಯುತ್ತವೆ, ಎರಡೆಳೆ ಸಬ್ಜಾ ತಂದೆಗೆ ಹುಟ್ಟಿದವೆಲ್ಲ ನರೆಯುತ್ತವೆ. ಸಬ್ಜಾ ಎಳೆ ಯಾವುದೆಂದು 2008ರಲ್ಲಿ ಪತ್ತೆಯಾಯಿತು: ಎಸ್‌ಟಿಎಕ್ಸ್‌17 ಎಂಬ ಜೀನಿನೊಳಗೆ ಒಂದು ತುಂಡು ಎರಡು ಸಲ ಬರೆದುಕೊಂಡಿದೆ. ಅಂದಿನಿಂದ ಇದು ಊಹೆಯ ವಿಷಯವಲ್ಲ, ಕೂದಲು ಕಳಿಸಿ ನೋಡಬಹುದಾದದ್ದು.

ಈ ಮನೆಯಲ್ಲಿ ಮಚ್ಚೆ ಬಾರದ ನಾಲ್ಕನೆಯ ಮರಿಯೂ ನರೆಯಿತು. ಅಂದರೆ ನಾಲ್ಕಕ್ಕೆ ನಾಲ್ಕು. ತಂದೆ ಒಂದೆಳೆಯದಾಗಿದ್ದರೆ ಹಾಗಾಗುವ ಸಂಭವ 16ರಲ್ಲಿ 1 ಮಾತ್ರ. ಆಮೇಲೆ ವಿಚಾರಿಸಿದಾಗ ಆ ಕುದುರೆಯ ತಂದೆ, ತಾಯಿ ಇಬ್ಬರೂ ಸಬ್ಜಾ ಎಂದು ತಿಳಿಯಿತು. ಎರಡೆಳೆ ಎನ್ನಲು ಇದು ಪುರಾವೆಯಲ್ಲ, ಆದರೆ ಅಂಥ ಕುದುರೆಯನ್ನು ಬಣ್ಣದ ಮರಿಗಾಗಿ ಹಾರಿಸಬಾರದು ಎನ್ನಲು ಇಷ್ಟೇ ಸಾಕು. ಅರಬ್ಬಿಗಳಲ್ಲಿ ಸಬ್ಜಾ ತುಂಬಾ ಸಾಮಾನ್ಯ. ಹಾಗಾಗಿ ಅರ್ಧ ಅರಬ್ಬಿ ಹಂಡ ಮರಿ ಬೇಕೆನ್ನುವವರೆಲ್ಲರೂ ಎಡವುವ ಮೊದಲ ಕಲ್ಲು ಇದು.

ನರೆಯುವ ಮರಿಯನ್ನು ಮಾರುವ ಮೊದಲೇ ಗುರುತಿಸಬಹುದಿತ್ತು. ಸಾಮಾನ್ಯ ಕುಮ್ಮೈತ ಮರಿ ಹುಟ್ಟಿದಾಗ ಕಾಲು ಇಲಿ ಬಣ್ಣ, ಮೈ ಮಾಸಲು. ನರೆಯುವ ಮರಿ ದೊಡ್ಡ ಕುದುರೆಯಷ್ಟೇ ಗಾಢ ಬಣ್ಣದಲ್ಲಿ, ಕಾಲು ಕಪ್ಪಾಗಿಯೇ ಹುಟ್ಟುತ್ತದೆ, ನೋಡಿದವರು ಹಿಗ್ಗುತ್ತಾರೆ. ಮೂರು, ನಾಲ್ಕು ತಿಂಗಳಿಗೆ ಮರಿಗೂದಲು ಉದುರುವಾಗ ಕಣ್ಣಿನ ಸುತ್ತ ಚಷ್ಮಾ ಹಾಕಿದಂತೆ ಬಿಳಿ ಕೂದಲು ಕಾಣುತ್ತದೆ. ಆಮೇಲೆ ಮೂತಿ, ಬಾಲದ ಬುಡ. ಹಗಲು ಬೆಳಕಿನಲ್ಲಿ ರೆಪ್ಪೆಯ ಮೇಲಿನ ಕೂದಲನ್ನು ಬೆರಳಲ್ಲಿ ಎದುರು ತಳ್ಳಿ ನೋಡಬೇಕು. ಮುಖದ ಮೇಲೆ ಹುಟ್ಟುಬಿಳಿ ಅಗಲವಾಗಿ ಹರಡಿದ್ದರೆ ಈ ಗುರುತು ಅಡಗಿಬಿಡುತ್ತದೆ. ಆಗ ಬಣ್ಣವಿರುವ ಕಡೆ, ಕಿವಿಯ ಬುಡದಲ್ಲಿ ಹುಡುಕಬೇಕು. ತಂದೆ ತಾಯಿ ಇಬ್ಬರಲ್ಲಿ ಒಬ್ಬರೂ ಸಬ್ಜಾ ಅಲ್ಲದಿದ್ದರೆ ಮರಿ ನರೆಯುವುದೇ ಇಲ್ಲ. ಈ ಒಂದು ಸೂತ್ರ ಗೊತ್ತಿದ್ದರೆ ಅರ್ಧ ಚಿಂತೆ ಹೋಗುತ್ತದೆ.

ಖರೀದಿದಾರರೊಂದಿಗೆ ಮಾತು ಮುಗಿದದ್ದು ಹೀಗೆ. ಒಂದು ಕುದುರೆಯನ್ನು ಕುಟುಂಬ ವಾಪಸು ಪಡೆದು ಮದುವೆ ಮೆರವಣಿಗೆಯವರಿಗೆ ಕೊಟ್ಟಿತು. ಅವರಿಗೆ ಬಿಳಿ ಕುದುರೆಯೇ ಬೇಕು. ಇನ್ನೊಂದಕ್ಕೆ ಬೆಲೆಯಲ್ಲಿ ಒಂದು ಪಾಲು ಮರಳಿಸಿದರು. ಮೂರನೆಯವರು ಸವಾರಿಗೆಂದೇ ಕೊಂಡವರು, ಬಣ್ಣದ ಬಗ್ಗೆ ತಕರಾರು ಮಾಡಲಿಲ್ಲ. ಮೂವರಿಗೂ ಒಂದು ಎಚ್ಚರಿಕೆ ಹೇಳಬೇಕಾಯಿತು: ಸಬ್ಜಾ ಕುದುರೆಗೆ ವಯಸ್ಸಾದಾಗ ಬಾಲದ ಕೆಳಗೆ, ಗುದದ ಸುತ್ತ, ಗಂಟಲ ಸಂದಿಯಲ್ಲಿ ಕಪ್ಪು ಗಂಟುಗಳು ಬರುವುದು ಸಾಮಾನ್ಯ. ಖರಾರಾ (ಮೈ ಉಜ್ಜುವ ಬಾಚಣಿಗೆ) ಹೊಡೆಯುವಾಗ ಬಾಲ ಎತ್ತಿ ನೋಡುವ ರೂಢಿ ಇರಬೇಕು.

ಮತ್ತೆ ಹೂಡಿದ ಲೆಕ್ಕ

ಅರಬ್ಬಿ ರಕ್ತವೇ ಬೇಡ ಎನ್ನುವುದು ಅಣ್ಣನ ಮೊದಲ ಮಾತಾಗಿತ್ತು. ಅದು ದುಡುಕಿನ ಮಾತು. ಈ ಸೀಮೆಗೆ ಅರಬ್ಬಿ ಕುದುರೆ ಹೊಸದಲ್ಲ. ಆದಿಲ್‌ಶಾಹಿ ಕಾಲದಲ್ಲಿ ಹಡಗಿನಲ್ಲಿ ಗೋವೆಗೆ ಇಳಿದು ವಿಜಾಪುರಕ್ಕೆ ನಡೆದು ಬರುತ್ತಿದ್ದವು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಗೆ ಹೋದ ಮೇಲೆ ಆ ವ್ಯಾಪಾರದ ಕೀಲಿಯೂ ಅವರ ಕೈಗೆ ಹೋಯಿತು. ಬಿಸಿಲಿಗೆ ತಡೆಯುವ ತೆಳು ಚರ್ಮ, ದೂರ ಓಡಿದರೂ ಬೇಗ ಇಳಿಯುವ ಉಸಿರು, ಅಗಲ ಹಣೆ: ಇವು ಬಾಗೇವಾಡಿಯ ಏಪ್ರಿಲ್ ಬಿಸಿಲಿಗೆ ಹೊಂದುವ ಗುಣಗಳೇ. ಕಳೆದುಕೊಳ್ಳುವುದೂ ಇದೆ. ಮಾರವಾಡಿಯ ಒಳಬಾಗಿ ತುದಿ ಮುಟ್ಟುವ ಕಿವಿ ಅರ್ಧ ಅರಬ್ಬಿಯಲ್ಲಿ ಸಡಿಲಾಗುತ್ತದೆ, ಮಾರವಾಡಿಯೆಂದು ನೋಂದಣಿಯಾಗುವುದಿಲ್ಲ, 62 ಇಂಚು ದಾಟಬೇಕೆನ್ನುವ ಸಂತೆಯ ಗಿರಾಕಿಗೆ ಎತ್ತರ ಸಾಲದು. ಇಂಥ ಮರಿಗೆ ಗಿರಾಕಿಯೆಂದರೆ ತೋಟದಲ್ಲಿ ಸವಾರಿ ಮಾಡುವವರು, ಸವಾರಿ ಶಾಲೆಯವರು. ಅವರು ಕೇಳುವುದು ಗುಣ ಮತ್ತು ಬಣ್ಣ. ಆದ್ದರಿಂದಲೇ ಬಣ್ಣ ಉಳಿಯುವುದು ಇಲ್ಲಿ ಹೊಟ್ಟೆಪಾಡಿನ ಪ್ರಶ್ನೆ.

ಶುದ್ಧ ಅರಬ್ಬಿಯಲ್ಲಿ ನಮ್ಮ ಹಂಡಿಗಳಂಥ ಮಚ್ಚೆ ಇಲ್ಲ. ಬೆನ್ನು ದಾಟಿ ಇಳಿಯುವ ದುಂಡು ಅಂಚಿನ ಬಿಳಿ, ನಾಲ್ಕೂ ಕಾಲು ಬಿಳಿ, ತಲೆ ಬಣ್ಣದ್ದು, ಇದಕ್ಕೆ ಟೊಬಿಯಾನೊ ಎನ್ನುತ್ತಾರೆ. ಈ ಮಚ್ಚೆ ನಾಡ ತಾಯಿಯಿಂದಲೇ ಬರಬೇಕು, ಅರಬ್ಬಿ ತಂದೆ ಅದನ್ನು ಮುಚ್ಚದಿದ್ದರೆ ಸಾಕು. ಹೀಗಾಗಿ ಎರಡನೇ ಸುತ್ತಿಗೆ ಕುಮ್ಮೈತ ಅರಬ್ಬಿಯೊಂದನ್ನು ಹಿರಿ ಹಂಡಿಗೂ, ಬೇರೆ ಮನೆತನದ ಕೆಂಪು ಅರಬ್ಬಿಯೊಂದನ್ನು ಕಿರಿ ಹಂಡಿಗೂ ಆರಿಸಿದರು.

ಒಂದೇ ಗಂಡು ಸಾಲದೇ ಎಂದು ತಮ್ಮ ಕೇಳಿದ್ದ. ಸಾಲದು. ಒಂದು ತಂದೆಯ ಇಬ್ಬರು ಮಕ್ಕಳನ್ನು ಮುಂದೆ ಕೂಡಿಸಿದರೆ ತಂದೆಯಲ್ಲಿ ಅಡಗಿದ್ದ ದೋಷ ಎರಡೆಳೆಯಾಗಿ ಹೊರಬೀಳುವ ದಾರಿ ತೆರೆಯುತ್ತದೆ. ಅರಬ್ಬಿಗಳಲ್ಲಿ ಅಡಗಿ ಬರುವ ಮೂರು ಗಂಭೀರ ದೋಷಗಳನ್ನು ತಳಿಗಾರರು ಬಾಯಿಪಾಠ ಮಾಡಿರಬೇಕು. ಒಂದರಲ್ಲಿ ಮರಿಗೆ ರೋಗ ತಡೆಯುವ ಶಕ್ತಿಯೇ ಇರದೆ, ಗಿಣ್ಣದ ಹಾಲಿನ ಬಲ ಇಳಿದ ಮೇಲೆ ಸೋಂಕಿನಿಂದ ಕೆಲವೇ ತಿಂಗಳಲ್ಲಿ ಸಾಯುತ್ತದೆ. ಇದನ್ನು ಎಸ್‌ಸಿಐಡಿ ಎನ್ನುತ್ತಾರೆ. ಇನ್ನೊಂದರಲ್ಲಿ ಕಿರುಮೆದುಳು ಸವೆದು, ಒಂದೂವರೆ ತಿಂಗಳಾದ ಮೇಲೆ ತಲೆ ನಡುಗಿ ಹೆಜ್ಜೆ ತಪ್ಪುತ್ತದೆ. ಮೂರನೆಯದರಲ್ಲಿ ಮರಿ ನಸು ನೇರಳೆ ಹೊಗೆಬಣ್ಣದಲ್ಲಿ ಹುಟ್ಟಿ, ಎದ್ದು ನಿಲ್ಲಲಾರದೆ ಸೆಟೆದುಕೊಳ್ಳುತ್ತದೆ. ತಂದೆ ಒಂದೆಳೆ ಹೊತ್ತಿದ್ದರೆ ಅವನಿಗೆ ಏನೂ ಆಗಿರುವುದಿಲ್ಲ, ಅರ್ಧ ಅರಬ್ಬಿ ಮಕ್ಕಳಿಗೂ ಏನೂ ಆಗುವುದಿಲ್ಲ. ಆ ಮಕ್ಕಳನ್ನು ಪರಸ್ಪರ ಕೂಡಿಸಿದಾಗ 16ಕ್ಕೆ 1 ಮರಿ ಬಲಿಯಾಗಬಹುದು. ಮುಕ್ಕಾಲು ಅರಬ್ಬಿ ಮಾಡಲು ಮಗಳಿಗೆ ಮತ್ತೊಂದು ಅರಬ್ಬಿಯನ್ನು ತಂದರೂ ಇದೇ ಭಯ. ಅದಕ್ಕೇ ಎರಡೂ ಗಂಡುಗಳ ಡಿಎನ್‌ಎ ವರದಿ ನೋಡದೆ ಹಾರಿಸುವುದಿಲ್ಲವೆಂದು ಮನೆಯಲ್ಲಿ ತೀರ್ಮಾನವಾಯಿತು.

ಗುರಿ ಎರಡೆಳೆ ಹಂಡ ಗಂಡು. ಅಂಥದೊಂದು ಮನೆಯಲ್ಲಿದ್ದರೆ ಯಾವ ಬಣ್ಣದ ಹೆಣ್ಣಿಗೆ ಹಾರಿಸಿದರೂ ಪ್ರತಿ ಮರಿಗೂ ಮಚ್ಚೆ ಖಚಿತ, ಹೆಣ್ಣು ಸಬ್ಜಾ ಆಗಿರಬಾರದಷ್ಟೆ. ಹಿರಿ ಹಂಡಿಯ ಹಂಡ ಮಗನನ್ನು ಕಿರಿ ಹಂಡಿಯ ಹಂಡ ಮಗಳಿಗೆ ಕೂಡಿಸಿದರೆ ನಾಲ್ಕರಲ್ಲಿ ಒಂದು ಪಾಲು ಎರಡೆಳೆ, ಎರಡು ಪಾಲು ಒಂದೆಳೆ, ಒಂದು ಪಾಲು ಮಚ್ಚೆಯಿಲ್ಲದ್ದು. ಹುಟ್ಟಿದ್ದೆಲ್ಲವೂ ಅರ್ಧ ಅರಬ್ಬಿಯೇ. ಬಿಳಿ ಮಚ್ಚೆಯೊಳಗೆ ಶಾಯಿ ಚಿಮುಕಿಸಿದಂಥ ಸಣ್ಣ ಚುಕ್ಕೆಗಳಿದ್ದರೆ ಎರಡೆಳೆ ಎನ್ನುವವರಿದ್ದಾರೆ. ಅದು ಸುಳಿವು ಅಷ್ಟೇ. ಕೂದಲನ್ನು ಕತ್ತರಿಸದೆ, ಬುಡದ ಗಡ್ಡೆ ಸಮೇತ 20ರಿಂದ 30 ಎಳೆ ಕಿತ್ತು ಕಾಗದದ ಲಕೋಟೆಯಲ್ಲಿ ಕಳಿಸಿದರೆ ಪ್ರಯೋಗಾಲಯ ಹೇಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಕಟ್ಟಿ ಮಾದರಿ ಕೆಡುತ್ತದೆ. ಪರೀಕ್ಷೆ ಬೇಡವೆಂದರೆ ಮಚ್ಚೆಯಿಲ್ಲದ ಹೆಣ್ಣುಗಳಿಗೆ ಹಾರಿಸುತ್ತಾ ಕಾಯಬೇಕು: ಒಂದೆಳೆ ಗಂಡಿಗೆ ಸಾಲಾಗಿ 7 ಮರಿ ಹಂಡವೇ ಆಗುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಏಳು ಮರಿಯ ಹೊಟ್ಟೆ ತುಂಬಿಸುವ ಖರ್ಚಿನ ಮುಂದೆ ಪರೀಕ್ಷೆಯ ಶುಲ್ಕ ಏನೂ ಅಲ್ಲ.

ಇನ್ನೊಂದು ಮಚ್ಚೆಯ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಬಿಳಿ ಬೆನ್ನು ದಾಟದೆ ಪಕ್ಕೆಯಲ್ಲೇ ಅಡ್ಡ ಹರಡಿ, ಮುಖ ಅಗಲ ಬಿಳಿಯಾಗಿ, ಕಣ್ಣು ನೀಲಿ ಇರುವ ಕುದುರೆ ಹೊರಗಿನ ರಕ್ತದ್ದಾಗಿದ್ದರೆ ಅದು ಫ್ರೇಮ್ ಎಂಬ ಬೇರೆ ಗುಣ ಹೊತ್ತಿರಬಹುದು. ಆ ಗುಣ ಎರಡೆಳೆಯಾದ ಮರಿ ಅಚ್ಚ ಬಿಳಿಯಾಗಿ ಹುಟ್ಟಿ, ಕರುಳಿಗೆ ನರವಿಲ್ಲದ ಕಾರಣ ಮೊದಲ ಲದ್ದಿಯನ್ನೇ ಹಾಕಲಾರದೆ ಕೆಲವೇ ದಿನಗಳಲ್ಲಿ ಹೊಟ್ಟೆಶೂಲೆಯಿಂದ ಸಾಯುತ್ತದೆ. ಚಿಕಿತ್ಸೆ ಇಲ್ಲ. ವಂಶ ಗೊತ್ತಿಲ್ಲದ ಎರಡು ಮಚ್ಚೆ ಕುದುರೆಗಳನ್ನು ಪರೀಕ್ಷೆಯಿಲ್ಲದೆ ಕೂಡಿಸುವುದು ಮರಿಯ ಜೀವದ ಮೇಲೆ ಜೂಜು. ಟೊಬಿಯಾನೊ ಎರಡೆಳೆಯಾದರೆ ಇಂಥ ಅಪಾಯವಿಲ್ಲ.

ಲಾಯದ ಕೆಲಸ

ಬೆದೆಯ ಸುತ್ತು 21, 22 ದಿನದ್ದು. ಬೆದೆ ಇರುವುದು 5ರಿಂದ 7 ದಿನ, ಮೊಟ್ಟೆ ಬಿಡುವುದು ಕೊನೆಯ ಒಂದೆರಡು ದಿನದಲ್ಲಿ. ಮೊದಲ ಸುತ್ತಿನಲ್ಲಿ ಕುಟುಂಬ ಬೆದೆ ಕಂಡ ದಿನವೇ ಒಂದು ಸಲ ಹಾರಿಸಿ ಕೈತೊಳೆದುಕೊಳ್ಳುತ್ತಿತ್ತು, ಅದಕ್ಕೇ ಹಲವು ಸಲ ಗಬ್ಬ ನಿಲ್ಲದೆ ಹೋಯಿತು. ಈಗ ಎರಡನೇ ದಿನದಿಂದ ದಿನ ಬಿಟ್ಟು ದಿನ, ಹೆಣ್ಣು ಒದೆಯುವ ತನಕ. ಹಾರಿಸುವ ಮೊದಲು ಬಾಲಕ್ಕೆ ಪಟ್ಟಿ ಸುತ್ತಿ, ಬರೀ ನೀರಿನಲ್ಲಿ ತೊಳೆದು ಒರೆಸಬೇಕು.

14ರಿಂದ 16ನೇ ದಿನದೊಳಗೆ ಪಶುವೈದ್ಯರಿಂದ ಸ್ಕ್ಯಾನ್. ಇದು ಗಬ್ಬ ಖಾತ್ರಿಗಿಂತ ಹೆಚ್ಚಾಗಿ ಅವಳಿ ಹಿಡಿಯಲಿಕ್ಕೆ. ಕುದುರೆಗೆ ಅವಳಿ ಎಂದರೆ ಬಹುತೇಕ ಎರಡೂ ಹೋದಂತೆ, 16ನೇ ದಿನದೊಳಗಾದರೆ ವೈದ್ಯರು ಒಂದನ್ನು ಒತ್ತಿ ತೆಗೆಯಬಲ್ಲರು. ಎರಡನೇ ಸ್ಕ್ಯಾನ್ 30ನೇ ದಿನದ ಸುಮಾರಿಗೆ. ಸುಮಾರು 40 ದಿನ ದಾಟಿದ ಮೇಲೆ ಗಬ್ಬ ಹೋದರೆ ಹೆಣ್ಣು ತಿಂಗಳುಗಟ್ಟಲೆ ಬೆದೆಗೆ ಬರುವುದಿಲ್ಲ, ಹಂಗಾಮೇ ಮುಗಿಯಿತು.

ಎರಡನೇ ಸುತ್ತಿನ ಮೊದಲ ಪೆಟ್ಟು ಬಿದ್ದದ್ದು ಮೇವಿನಿಂದ. ಜೋಳದ ಸೀಮೆ, ಕುದುರೆ ಕೂಡ ಜೋಳದ ಹೊಲದಲ್ಲೇ ಮೇಯುತ್ತದೆ. ಗಬ್ಬದ ಎರಡನೇ ತಿಂಗಳಲ್ಲಿದ್ದ ಕಿರಿ ಹಂಡಿಯನ್ನು ನೀರಾವರಿಯ ಕುಳೆ (ಕೊಯ್ದ ಬುಡದಿಂದ ಮತ್ತೆ ಚಿಗುರಿದ) ಜೋಳಕ್ಕೆ ಮೂರು ವಾರ ಬಿಟ್ಟಿದ್ದರು. ಹುಟ್ಟಿದ ಮರಿಯ ಮುಂಗಾಲಿನ ಕೀಲು ಮಡಚಿ ಬಿಗಿದಿತ್ತು, ಎದ್ದು ನಿಲ್ಲಲಿಲ್ಲ, ಉಳಿಯಲಿಲ್ಲ. ಹಸಿ ಜೋಳ, ಅದರಲ್ಲೂ ಕುಳೆ ಮತ್ತು ಬಾಡಿದ ಎಳೆ ಪೈರು, ಸಯನೈಡ್ ಹೊತ್ತಿರುತ್ತದೆ. ದಿನಗಟ್ಟಲೆ ತಿಂದ ಕುದುರೆಗೆ ಹಿಂಗಾಲು ತೂರಾಡಿ ಮೂತ್ರ ಸೋರುವ ರೋಗ ಬರುತ್ತದೆ, ಹೊಟ್ಟೆಯ ಮರಿಯ ಕೀಲು ಬಿಗಿಯುತ್ತದೆ. ಚೆನ್ನಾಗಿ ಒಣಗಿದ ಕಣಿಕಿಯಲ್ಲಿ (ಜೋಳದ ದಂಟಿನ ಮೇವು) ಈ ಭಯ ಬಹಳ ಕಡಿಮೆ. ಈಗ ಗಬ್ಬದ ಕುದುರೆಗೆ ಹಸಿ ಜೋಳ ಪೂರ್ತಿ ಬಂದ್.

ಎರಡನೆಯ ತಪ್ಪು ಬೂಸಾ. ದಿನಕ್ಕೆ 3 ಕಿಲೋ ಗೋಧಿ ಬೂಸಾ ಹಾಕುತ್ತಿದ್ದರು. ಬೂಸಾದಲ್ಲಿ ರಂಜಕ ಬಹಳ, ಸುಣ್ಣ (ಕ್ಯಾಲ್ಸಿಯಂ) ಅತ್ಯಲ್ಪ. ಸುಣ್ಣ ಸಾಲದಾದಾಗ ಮೈ ಮೂಳೆಯಿಂದ ಎಳೆದುಕೊಳ್ಳುತ್ತದೆ, ಮುಖದ ಮೂಳೆ ಉಬ್ಬುತ್ತದೆ, ಕುಂಟು ಬರುತ್ತದೆ. ಮೇಲಿಂದ ಕಬ್ಬಿನ ವಾಡೆ (ತುದಿಯ ಹಸಿ ಎಲೆ) ಹಾಕಿದರೆ ಅದರ ಆಕ್ಸಲೇಟ್ ಇರುವ ಸುಣ್ಣವನ್ನೂ ಕಟ್ಟಿಹಾಕುತ್ತದೆ. ಇದಕ್ಕೆ ಪರಿಹಾರ ಹೊಲದಲ್ಲೇ ಇತ್ತು: ಕುದುರೆ ಮಸಾಲೆ (ಲೂಸರ್ನ್). ಸುಣ್ಣ ಹೇರಳವಿರುವ ಮೇವು, ನೀರಾವರಿಯ ಅರ್ಧ ಎಕರೆ ಅದಕ್ಕೇ ಬಿಟ್ಟರು. 350 ಕಿಲೋ ತೂಕದ ಗಬ್ಬದ ಕುದುರೆಗೆ ಈಗಿನ ದಿನದ ಲೆಕ್ಕ: ಕಣಿಕಿ ಮತ್ತು ಒಣಹುಲ್ಲು ಕೂಡಿ 6 ಕಿಲೋ, ಹಸಿ ಕುದುರೆ ಮಸಾಲೆ 5 ಕಿಲೋ, ಕೊನೆಯ ಮೂರು ತಿಂಗಳು ನೆನೆಸಿದ ಕಡಲೆ ಮತ್ತು ಬೇಯಿಸಿದ ಹುರುಳಿ ಕೂಡಿ 1.5 ಕಿಲೋ, ಬೂಸಾ ಅರ್ಧ ಕಿಲೋ ಮೀರದಂತೆ, ಉಪ್ಪು 30 ಗ್ರಾಂ. ಒಣಮೇವು ಒಂದೇ ವರ್ಷಕ್ಕೆ 2 ಟನ್ ದಾಟುತ್ತದೆ, ಬಣವೆ ಒಟ್ಟುವಾಗಲೇ ಈ ಲೆಕ್ಕ ಇರಬೇಕು. ಹಾಲೂಡುವ ಕುದುರೆ ಬೇಸಿಗೆಯಲ್ಲಿ 40ರಿಂದ 50 ಲೀಟರ್ ನೀರು ಕುಡಿಯುತ್ತದೆ. ಡೋಣಿ ಹೊಳೆ ದಂಡೆಯ ಸವುಳು ನೀರನ್ನು ಕುದುರೆ ಮೂಸಿ ಬಿಟ್ಟರೆ ಹಟ ಮಾಡಬಾರದು, ನೀರು ಕಡಿಮೆಯಾದರೆ ಶೂಲೆಯ ಭಯ.

ಈಯುವ ಕೋಣೆ 14 ಅಡಿಗೆ 14 ಅಡಿ. ಎರೆ ಮಣ್ಣಿನ ಮೇಲೆ 9 ಇಂಚು ಗರಸು (ಒರಟು ಕಲ್ಲುಮಣ್ಣು) ಬಡಿದು, ಮೇಲೆ ಒಣಹುಲ್ಲು. ಕಬ್ಬಿನ ಒಣ ಗರಿಯ, ಅಂದರೆ ರವದಿಯ ಅಂಚು ಕೊಯ್ಯುತ್ತದೆ, ಧೂಳೂ ಹೆಚ್ಚು, ಮರಿಗೆ ಬೇಡ. ಗಬ್ಬ ಸುಮಾರು 340 ದಿನ, 320ರಿಂದ 365ರವರೆಗೂ ಹೋಗುವುದುಂಟು. ಈಯುವ ಒಂದೂವರೆ ತಿಂಗಳು ಮೊದಲು ಧನುರ್ವಾಯು ಲಸಿಕೆ. ಮೊಲೆ ತುದಿಯಲ್ಲಿ ಮೇಣದಂಥ ಹನಿ ಕಟ್ಟಿದರೆ ಒಂದೆರಡು ದಿನದ ಮಾತು. ನೀರು ಒಡೆದ ಅರ್ಧ ಗಂಟೆಯಲ್ಲಿ ಮರಿ ಹೊರಬರಬೇಕು. ಬಿಳಿ ಪೊರೆಯ ಬದಲು ಕೆಂಪು ಮಖಮಲ್ಲಿನಂಥ ಚೀಲ ಮೊದಲು ಕಂಡರೆ ವೈದ್ಯರಿಗಾಗಿ ಕಾಯದೆ ಆಗಲೇ ಹರಿದು ಮರಿಯನ್ನು ಎಳೆಯಬೇಕು, ಮಾಸ ಬಿಟ್ಟುಕೊಂಡ ಮರಿಗೆ ಉಸಿರಿಲ್ಲ. ಆಮೇಲೆ ಗಡಿಯಾರ: ಒಂದು ಗಂಟೆಗೆ ನಿಲ್ಲಬೇಕು, ಎರಡು ಗಂಟೆಗೆ ಮೊಲೆ ಹಿಡಿಯಬೇಕು, ಮೂರು ಗಂಟೆಗೆ ಮಾಸ ಬೀಳಬೇಕು. ಆಕಳಿನ ಮಾಸ ಒಂದು ರಾತ್ರಿ ತಡೆದರೂ ನಡೆದೀತು ಎಂಬ ಅಭ್ಯಾಸ ಇಲ್ಲಿ ಸಲ್ಲದು, ಕುದುರೆಗೆ ಅದರಿಂದ ನಂಜೇರಿ ಗೊರಸಿನ ಒಳಪದರವೇ ಕೆಡುತ್ತದೆ. ಗಿಣ್ಣದ ಹಾಲು ಮೊದಲ ಆರು ತಾಸಿನಲ್ಲಿ ಹೊಟ್ಟೆ ಸೇರಬೇಕು, ಒಂದು ದಿನ ಕಳೆದರೆ ಕರುಳು ಅದರ ಬಲವನ್ನು ಹೀರುವುದಿಲ್ಲ.

ಬಿಳಿ ಮಚ್ಚೆಯ ಮರಿಗೆ ಒಂದು ಹೆಚ್ಚಿನ ಆರೈಕೆ. ಮೂತಿಯ ಗುಲಾಬಿ ಚರ್ಮ ಮಾರ್ಚ್‌ನಿಂದ ಮೇ ತನಕ ಸುಟ್ಟು ಸಿಪ್ಪೆಯೇಳುತ್ತದೆ. ಬೆಳಗಿನ 10ರಿಂದ ಸಂಜೆ 4ರವರೆಗೆ ನೆರಳು, ಮೂತಿಗೆ ಝಿಂಕ್ ಆಕ್ಸೈಡ್ ಮುಲಾಮು. ಮಳೆಗಾಲದಲ್ಲಿ ಎರೆ ಕೆಸರು ಮೆತ್ತಿದ ಬಿಳಿ ಕಾಲಿನಲ್ಲಿ ಹಿಮ್ಮಡಿ ಬಿರಿಯುತ್ತದೆ. ತೊಳೆದರೆ ಒಣಗಿಸಲೇಬೇಕು, ಇಲ್ಲವಾದರೆ ತೊಳೆಯದೆ ಒಣಗಿದ ಮೇಲೆ ಉಜ್ಜುವುದೇ ಮೇಲು.

ಸಂತೆ, ಕಾಗದ, ಈಗಿನ ಸ್ಥಿತಿ

ಅಕಲೂಜಕ್ಕಾಗಲಿ ಸಾರಂಗಖೇಡದ ಕುದುರೆ ಸಂತೆಗಾಗಲಿ ಹೊರಡುವ ಮೊದಲು ಗ್ಲ್ಯಾಂಡರ್ಸ್ ರಕ್ತಪರೀಕ್ಷೆ. ಮನುಷ್ಯರಿಗೂ ಅಂಟುವ ರೋಗ ಇದು, 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ವರದಿ ಮಾಡಲೇಬೇಕಾದದ್ದು. ಸೋಂಕು ದೃಢವಾದ ಕುದುರೆಯನ್ನು ಉಳಿಸುವುದಿಲ್ಲ. ಸಂತೆಯಿಂದ ಬಂದ ಕುದುರೆಯನ್ನು 21 ದಿನ ಬೇರೆ ಕಟ್ಟುತ್ತಾರೆ, ಬಕೀಟು, ಮೊರಕಿ (ಮುಖದ ಹಗ್ಗ), ಖರಾರಾ ಎಲ್ಲ ಬೇರೆ.

ಮಾರಾಟದ ಕಾಗದ ಬದಲಾಗಿದೆ. ಮೊದಲು ಸುಳಿ, ದೇವಮಣಿ (ಕುತ್ತಿಗೆಯ ಶುಭ ಸುಳಿ), ಎತ್ತರ, ಬೆಲೆ ಇಷ್ಟೇ ಇರುತ್ತಿತ್ತು. ಈಗ ತಂದೆ ತಾಯಿಯ ಬಣ್ಣ, ಅಜ್ಜ ಅಜ್ಜಿಯರಲ್ಲಿ ಸಬ್ಜಾ ಇದ್ದರೆ ಅದು, ಹುಟ್ಟಿದ ದಿನದ ನಾಲ್ಕು ದಿಕ್ಕಿನ ಫೋಟೋ, ಮರಿಗೂದಲು ಉದುರಿದ ಮೇಲಿನ ಫೋಟೋ, ಪರೀಕ್ಷೆಯಾಗಿದ್ದರೆ ವರದಿ. ಆರು ತಿಂಗಳು ತುಂಬದೆ, ಕಣ್ಣ ಸುತ್ತಿನ ಕೂದಲು ನೋಡದೆ ಯಾವ ಮರಿಯನ್ನೂ ಕೊಡುವುದಿಲ್ಲ.

ಎರಡನೇ ಸುತ್ತು ಆರಂಭವಾಗಿ ಹತ್ತು ವರ್ಷವಾಯಿತು. ಹಿರಿ ಹಂಡಿ ಕೊಟ್ಟದ್ದು ಮೊದಲು ಮಚ್ಚೆಯಿಲ್ಲದ ಹೆಣ್ಣು, ಮರುವರ್ಷ ಕುಮ್ಮೈತ ಹಂಡ ಗಂಡು. ಕಿರಿ ಹಂಡಿ ಕೀಲು ಬಿಗಿದ ಮರಿಯ ನಂತರ ಕೆಂಪು ಹಂಡ ಹೆಣ್ಣು ಕೊಟ್ಟಳು. ಇಬ್ಬರಿಗೂ ನಾಲ್ಕರ ಹತ್ತಿರ ಬಂದ ಮೇಲೆ ಕೂಡಿಸಿದರು. ಮೊದಲ ಮರಿ ಒಂದೆಳೆ ಹಂಡ ಹೆಣ್ಣು, ಎರಡನೆಯದು ವರದಿಯಲ್ಲಿ ಎರಡೆಳೆ ಬಂದ ಗಂಡು. ಅವನಿಗೀಗ ಎರಡೂವರೆ ವರ್ಷ, 58 ಇಂಚು. ಈ ಹಂಗಾಮಿನಲ್ಲಿ ವಾರಕ್ಕೊಂದರಂತೆ ಒಟ್ಟು ಮೂರೇ ಹೆಣ್ಣು. ಅದರಲ್ಲಿ ಮನೆಯ ಹಳೆಯ ಕುಮ್ಮೈತ ಹೆಣ್ಣೂ ಒಂದು, 30ನೇ ದಿನದ ಸ್ಕ್ಯಾನಿನಲ್ಲಿ ಗಬ್ಬ ನಿಂತಿದೆ. ಅಣ್ಣನ ಮಗ ಲಾಯದ ಕಂಬಕ್ಕೆ ಬರೆದಿಟ್ಟಿರುವ ಈಯುವ ದಿನ ಫೆಬ್ರುವರಿ ಎರಡನೇ ವಾರದಲ್ಲಿ ಬರುತ್ತದೆ.